ಗಿಟಾರ್‌ಗೆ ಮರದ ಪಿಕಪ್ ರಿಂಗ್ ಬೇಕಾ? ಬೆಂಗಳೂರಿನಲ್ಲಿ ಹೀಗೆ ಹುಡುಕಿ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಗಳ ಅಡಿಗೆ ಕೂತು ಅವುಗಳ ಕಂಪನ ಹಿಡಿಯುವ ಹಂಬಕರ್ ಪಿಕಪ್ ಸುತ್ತ ಇರುವ ಕಪ್ಪು ಪ್ಲಾಸ್ಟಿಕ್ ಚೌಕಟ್ಟು (ಅದೇ ಪಿಕಪ್ ರಿಂಗ್) ತೆಗೆದು, ಅಲೆ ಅಲೆಯಾಗಿ ಹೊಳೆಯುವ ಮರದ್ದು ಹಾಕಿದರೆ ಗಿಟಾರ್‌ನ ಕಳೆಯೇ ಬೇರೆ. ಸೌಂಡ್ ಏನೂ ಬದಲಾಗುವುದಿಲ್ಲ. ನೋಡೋಕೆ ಚೆಂದ, ಅಷ್ಟೇ. ನನಗೆ ಅದೇ ಸಾಕು. ಆದರೆ ಇದು ಮ್ಯೂಸಿಕ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಸಾಮಾನಲ್ಲ. ಮರ ಒಂದು ಕಡೆ, ಕೊಯ್ಯುವವರು ಇನ್ನೊಂದು ಕಡೆ.

ಮರ ಹುಡುಕುವ ಮೊದಲು ಅಳತೆ ತೆಗೆಯಿರಿ. ತಂತಿ ಸಡಿಲಿಸಿ, ಹಳೆಯ ರಿಂಗ್ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಇಟ್ಟು ಹೊರ ಅಂಚು, ಒಳ ಕಿಂಡಿ, ನಾಲ್ಕು ಮೂಲೆಯ ಸ್ಕ್ರೂ ತೂತುಗಳ ನಡುವಿನ ದೂರ ಎಲ್ಲಾ ಬರೆದುಕೊಳ್ಳಿ. ನನ್ನ ಗಿಟಾರ್‌ನಲ್ಲಿ ಹೊರಗೆ 89 x 45 ಮಿ.ಮೀ., ಒಳಗೆ 71 x 39. ನಿಮ್ಮದು ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ನೋಡೋಕೆ ಒಂದೇ ತರಹ ಇರುವ ಎರಡು ಕಂಪನಿಗಳ ಗಿಟಾರ್‌ಗಳಲ್ಲೂ ತೂತುಗಳು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತವೆ. ಇನ್ನೊಂದು ವಿಷಯ, ನೆಕ್ (ಗಿಟಾರ್‌ನ ಉದ್ದ ಹಿಡಿ) ಕಡೆಯ ರಿಂಗ್ ಗಿಡ್ಡ, ಬ್ರಿಡ್ಜ್ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಡೆಯದು ಎತ್ತರ, ಯಾಕಂದ್ರೆ ಲೆಸ್ ಪಾಲ್ ತರಹದ ಗಿಟಾರ್‌ನಲ್ಲಿ ಬ್ರಿಡ್ಜ್ ಹತ್ತಿರ ಹೋದಂತೆ ತಂತಿ ಮೇಲೇರುತ್ತದೆ. ಗಿಟಾರ್‌ನ ಮೇಲ್ಮೈ ಉಬ್ಬಾಗಿದ್ದರೆ ರಿಂಗ್‌ನ ತಳವೂ ಅದೇ ಬಾಗಿನಲ್ಲಿರಬೇಕು, ಎಸ್‌ಜಿ ಮಾದರಿಯ ಗಿಟಾರ್ ತರಹ ಚಪ್ಪಟೆಯಾಗಿದ್ದರೆ ತಳ ಚಪ್ಪಟೆ ಸಾಕು. ಕೊನೆಗೆ, ಕೆಲಸದವರಿಗೆ ಬರೀ ಅಳತೆ ಚೀಟಿ ಕೊಡಬೇಡಿ, ಹಳೆಯ ರಿಂಗನ್ನೇ ಕೈಗೆ ಕೊಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಮರದ ಎಳೆ, ಅಂದರೆ ಮರದ ನಾರು ಹೋಗುವ ದಿಕ್ಕು. ನಾನು ಮೊದಲು ಮಾಡಿಸಿದ್ದು ಹಳೆಯ ಬೀಟೆ ಮರದ ಒಂದೇ ತುಂಡಿನಲ್ಲಿ. ತುಂಬಾ ಚೆನ್ನಾಗಿತ್ತು. ಎರಡನೇ ದಿನ ಪಿಕಪ್ ಎತ್ತರ ಸರಿಮಾಡಲು ಸ್ಕ್ರೂ ತಿರುಗಿಸುತ್ತಿದ್ದಾಗ ಟಕ್ ಅಂತ ಸದ್ದು, ತೂತಿನ ಪಕ್ಕದಲ್ಲೇ ಸೀಳು. ತುಂಬಾ ಬೇಜಾರಾಯಿತು. ಕಾರಣ ಹೇಳುತ್ತೇನೆ. ರಿಂಗ್‌ನ ಉದ್ದದ ಬದಿಗಳ ಅಗಲ ಬರೀ 3 ಮಿ.ಮೀ. ಅವು ಮುರಿಯಬಾರದು ಅಂದರೆ ಎಳೆ ಉದ್ದಕ್ಕೇ ಹೋಗಬೇಕು. ಹಾಗೆ ಮಾಡಿದಾಗ ಗಿಡ್ಡ ಬದಿಗಳಲ್ಲಿ ಎಳೆ ಅಡ್ಡಕ್ಕೆ ಬರುತ್ತದೆ, ಅಲ್ಲಿ ಮರ ಬಿಸ್ಕತ್ ತರಹ ಮುರಿಯುತ್ತದೆ. ಪಿಕಪ್ಪನ್ನು ಎಳೆದು ಹಿಡಿಯುವ ಸ್ಕ್ರೂ ಬರುವುದೂ ಅದೇ ಗಿಡ್ಡ ಬದಿಯ ಮಧ್ಯಕ್ಕೆ! ಅಲೆಗೆರೆಯ ಮರದಲ್ಲಿ ಈ ಕಷ್ಟ ಇನ್ನೂ ಜಾಸ್ತಿ, ಅಲೆ ಕಾಣುವುದೇ ಎಳೆ ನೇರವಾಗಿ ಹೋಗದೆ ಬಳುಕುವುದರಿಂದ ಅಲ್ವಾ. ಪರಿಹಾರ ಸುಲಭ. ಮರದ ಅಡಿಗೆ ತೆಳುವಾದ ಇನ್ನೊಂದು ಪದರವನ್ನು, ಅದರ ಎಳೆ ಅಡ್ಡಕ್ಕೆ ಬರುವ ಹಾಗೆ, ಅಂಟಿಸಿ ಆಮೇಲೆ ಕೊಯ್ಯಿಸಿ. ಒಂದು ಮಿಲಿಮೀಟರ್ ಪದರವಾದರೂ ಸಾಕು. ಆರ್ಡರ್ ಕೊಡುವಾಗ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಮರಕ್ಕೆ ಮೊದಲು ಪ್ಲೈವುಡ್ ಅಂಗಡಿಗೆ ಹೋಗಿ. ಅಲ್ಲಿ ಕಪಾಟಿಗೆ ಹಾಕುವ ಡೆಕೊರೇಟಿವ್ ವೆನೀರ್ ಸಿಗುತ್ತದೆ, ಸುಮಾರು 4 ಮಿ.ಮೀ. ಪ್ಲೈ ಮೇಲೆ ಕಾಗದದಷ್ಟು ತೆಳುವಾದ ಒಳ್ಳೆಯ ಮರ. ಪೂರ್ತಿ ಶೀಟ್ 8 x 4 ಅಡಿ, ಅದು ನಮಗೆ ಬೇಡ, ಸ್ಯಾಂಪಲ್ ತುಂಡು ಕೇಳಿ. ಫ್ಲೇಮ್ ಮೇಪಲ್ (ಅಲೆ ಅಲೆಯ ಮೇಪಲ್ ಮರ), ಬರ್ಡ್ಸ್ ಐ (ಹಕ್ಕಿ ಕಣ್ಣಿನಂಥ ಚುಕ್ಕಿ), ಬರ್ಲ್ (ಗಂಟಿನ ಸುಳಿ), ನೀಲಗಿರಿ ಮರದ ಅಲೆಗೆರೆ, ಎಲ್ಲಾ ನೋಡಲು ಸಿಗುತ್ತವೆ. ಪ್ಲೈನಲ್ಲಿ ಪದರಗಳು ಅಡ್ಡ ಉದ್ದ ಇರುವುದರಿಂದ ಸೀಳುವ ಭಯವೂ ಇಲ್ಲ. ಬ್ರಿಡ್ಜ್ ಕಡೆಗೆ ಎತ್ತರ ಬೇಕಾದರೆ ಅಡಿಗೆ ಇನ್ನೊಂದೆರಡು ತುಂಡು ಅಂಟಿಸಬಹುದು. ಲೇಸರ್ ಕಟಿಂಗ್‌ನವರ ಹತ್ತಿರ ಕೊಯ್ಯಿಸಿದರೆ ಅಂಚು ಸುಟ್ಟು ಕಪ್ಪಾಗುತ್ತದೆ, ಪ್ಲೈ ಪದರ ಕಾಣುವುದಿಲ್ಲ, ನೋಡೋಕೂ ಒಪ್ಪುತ್ತದೆ. ಮೊದಲ ಸಲ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ.

ಇಡೀ ಮರವೇ ಬೇಕು ಅನ್ನುವವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗಳ ಕಡೆ ಹೋಗಿ. ತೇಗ, ಹೊನ್ನೆ, ಮತ್ತಿ ಕೇಳಿ, ಒಳ್ಳೆಯ ಮತ್ತಿಯಲ್ಲಿ ಬರುವ ಕಂದು ಕಪ್ಪು ಗೆರೆ ನನಗೆ ಮೇಪಲ್‌ಗಿಂತ ಇಷ್ಟ. ಒರಟು ಹಲಗೆಯಲ್ಲಿ ಏನೂ ಕಾಣುವುದಿಲ್ಲ. ಮಾಲೀಕರನ್ನು ಕೇಳಿ ಬ್ಲೇಡಿನಿಂದ ಅಂಗೈಯಷ್ಟು ಜಾಗ ಕೆರೆದು, ಬಾಟಲಿ ನೀರು ಸ್ವಲ್ಪ ಸವರಿ, ಬಿಸಿಲಿಗೆ ಓರೆಯಾಗಿ ಹಿಡಿದು ಆಡಿಸಿ. ಬೆಳಕಿನ ಪಟ್ಟಿ ಹಲಗೆ ಮೇಲೆ ಓಡಾಡಿದ ಹಾಗೆ ಕಂಡರೆ ಅದೇ ನಿಮ್ಮ ಮರ. ಎರಡು ರಿಂಗ್‌ಗೂ ಒಂದೇ ಹಲಗೆಯ ಅಕ್ಕಪಕ್ಕದ ತುಂಡು ತಗೊಳ್ಳಿ, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ.

ಬೀಟೆಗೆ ಮಾತ್ರ ಹುಷಾರು. ಆ ಮರ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ಬಿಲ್ ಇಲ್ಲದ ಹೊಸ ಮರ ಮುಟ್ಟಬೇಡಿ. ಶಿವಾಜಿನಗರದ ಗುಜರಿ ಕಡೆ ಮುರಿದ ಹಳೆಯ ಕುರ್ಚಿ, ಮಂಚದ ಕಾಲು ಹುಡುಕುವುದು ಒಳ್ಳೆಯದು. ಹಳೆಯ ಮರ ಚೆನ್ನಾಗಿ ಒಣಗಿಯೂ ಇರುತ್ತದೆ. ಯಾವ ಮರ ಅಂತ ಗೊತ್ತಾಗದಿದ್ದರೆ ಮಲ್ಲೇಶ್ವರ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರದ ಜಾತಿ ಗುರುತಿಸುವುದು ಅವರ ಕೆಲಸಗಳಲ್ಲೊಂದು.

ಮಾಡುವವರು ಯಾರು? ಚನ್ನಪಟ್ಟಣಕ್ಕೆ ಹೋಗಿ ಅಂತ ತುಂಬಾ ಜನ ಹೇಳುತ್ತಾರೆ. ಅಲ್ಲಿನ ಕೈಚಳಕ ದೊಡ್ಡದು, ಆದರೆ ಅದು ಲೇತ್ ಮೇಲೆ ಗುಂಡಗೆ ಕಡೆಯುವ ಕೆಲಸ, ನಮಗೆ ಬೇಕಿರುವುದು ಚೌಕ. ಅದಕ್ಕೆ ಸರಿಯಾದವರು ಮೈಸೂರಿನ ಇನ್‌ಲೇ (ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡುವ) ಕುಶಲಕರ್ಮಿಗಳು, ತೆಳು ಮರವನ್ನು ಸಣ್ಣ ಗರಗಸದಲ್ಲಿ ಕೂದಲೆಳೆಯಷ್ಟು ಸರಿಯಾಗಿ ಕೊಯ್ಯುವುದು ಅವರಿಗೆ ದಿನದ ಕೆಲಸ. ನಗರದಲ್ಲೇ ಬೇಕಿದ್ದರೆ ಗಿಟಾರ್ ರಿಪೇರಿ ಮಾಡುವವರು, ಅಥವಾ ಪೀಣ್ಯದಲ್ಲಿ ಮರದ ಕೆಲಸ ಹಿಡಿಯುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊಯ್ಯುವ ಯಂತ್ರ) ಶಾಪ್. ಸಿಎನ್‌ಸಿಯವರಿಗೆ ಸಣ್ಣ ಬಿಟ್ (ಕೊಯ್ಯುವ ಮೊನೆ) ಹಾಕಿ, ಒಂದೇ ಸಲಕ್ಕೆ ಆಳ ಹೋಗಬೇಡಿ ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ ಅಲೆಗೆರೆ ಇರುವ ಕಡೆ ಮರ ಕಿತ್ತುಬರುತ್ತದೆ. ಹೊರದೇಶದಿಂದ ಆನ್‌ಲೈನ್ ತರಿಸುವುದಾದರೆ ಕಸ್ಟಮ್ಸ್ ಸುಂಕ, ಕೊರಿಯರ್ ಎರಡನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ.

ರಿಂಗ್ ಕೈಗೆ ಬಂದಮೇಲೆ 320ರ ಎಮರಿ ಪೇಪರ್‌ನಲ್ಲಿ ಎಳೆ ಹೋದ ದಿಕ್ಕಿಗೇ ಉಜ್ಜಿ, ಅರಗಿನ ಫ್ರೆಂಚ್ ಪಾಲಿಶ್ ತೆಳುವಾಗಿ ನಾಲ್ಕೈದು ಸಲ ಕೊಡಿ. ತಳಕ್ಕೂ ಕೊಡಿ. ಬರೀ ಮೇಲೆ ಕೊಟ್ಟರೆ ಮಳೆಗಾಲದಲ್ಲಿ ತೇವ ಒಂದೇ ಕಡೆಯಿಂದ ಹೀರಿಕೊಂಡು ರಿಂಗ್ ಸೊಟ್ಟಗಾಗುತ್ತದೆ. ಕೂರಿಸುವಾಗ ರಿಂಗ್‌ನ ತೂತು ಸ್ಕ್ರೂಗಿಂತ ಚೂರು ದೊಡ್ಡದಿರಲಿ, ಸ್ಕ್ರೂ ಗಿಟಾರ್ ಮರವನ್ನು ಕಚ್ಚಬೇಕು, ರಿಂಗನ್ನಲ್ಲ. ಸ್ಕ್ರೂ ತುದಿಗೆ ಸ್ವಲ್ಪ ಸೋಪು ಸವರಿ, ನಾಲ್ಕು ಮೂಲೆಯನ್ನೂ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ರಿಂಗ್ ಅಲುಗಾಡುವುದು ನಿಂತ ಕೂಡಲೇ ಕೈ ಬಿಡಿ.