ಕೊಂಬು, ಮೂಳೆ ಕೊಯ್ಯಲು ಬ್ಯಾಂಡ್‌ಸಾ ಬ್ಲೇಡ್ ಆರಿಸುವುದು ಹೇಗೆ?

ಮರಗೆಲಸಕ್ಕೆಂದು, ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನ ಗರಗಸ ಯಂತ್ರವಾದ ಬ್ಯಾಂಡ್‌ಸಾ ಇಟ್ಟುಕೊಂಡವರು ಚಾಕುವಿನ ಹಿಡಿಗೋ ಬಾಚಣಿಗೆಗೋ ಕೊಂಬನ್ನು ಕೊಯ್ಯಲು ಹೊರಟಾಗ, ಆ ಕೆಲಸಕ್ಕೆಂದೇ ಹೆಸರಿಟ್ಟ ಬ್ಲೇಡು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವವು ಮರದ ಬ್ಲೇಡು, ಲೋಹದ ಬ್ಲೇಡು ಮತ್ತು ಮಾಂಸದಂಗಡಿಯವರು ಬಳಸುವ ಬ್ಲೇಡು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ವಸ್ತುವಿನ ಹೆಸರಿಗಿಂತ ಹೆಚ್ಚಾಗಿ, ಹಲ್ಲು ಕಚ್ಚುವ ಜಾಗದಲ್ಲಿ ಆ ವಸ್ತು ಎಷ್ಟು ದಪ್ಪವಿದೆ ಎಂಬುದರ ಮೇಲೆ ನಿಂತಿದೆ.

ಆದರೂ ವಸ್ತುವಿನ ಗುಣ ತಿಳಿದಿರಬೇಕು. ಎಮ್ಮೆ, ದನ, ಕುರಿಗಳ ಕೊಂಬು ನಮ್ಮ ಉಗುರಿನಂತೆ ಕೆರಾಟಿನ್‌ನಿಂದ ಆದದ್ದು. ಅದು ಬುಡದಲ್ಲಿ ಟೊಳ್ಳು, ತುದಿಯಲ್ಲಿ ಗಟ್ಟಿ. ಬಿಸಿ ತಾಗಿದರೆ ಮೆತ್ತಗಾಗಿ ಹಲ್ಲುಗಳ ಸಂದಿಗೆ ಅಂಟಿಕೊಳ್ಳುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಬ್ಲೇಡು ಕೊಯ್ಯುವುದನ್ನು ಬಿಟ್ಟು ಉಜ್ಜುತ್ತಿದೆ ಎಂದು ತಿಳಿಯಬೇಕು. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟಿನಂತಹ ಖನಿಜವಾದ್ದರಿಂದ ಅದು ಮೆತ್ತಗಾಗುವುದಿಲ್ಲ, ಆದರೆ ಹಲ್ಲಿನ ಮೊನೆಯನ್ನು ಬೇಗ ಸವೆಸುತ್ತದೆ. ಜಿಂಕೆ ಜಾತಿಯ ಕವಲುಕೊಂಬು ಕೂಡ ಮೂಳೆಯೇ. ಅದರಲ್ಲಿ ಖನಿಜ ತುಸು ಕಡಿಮೆ, ಹೊರಪದರ ಗಟ್ಟಿ, ಒಳಗೆ ರಂಧ್ರಗಳಿರುವ ಮೆದು ತಿರುಳು.

ಇಲ್ಲೇ ಒಂದು ಮಾತನ್ನು ಒತ್ತಿ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಚುಕ್ಕೆ ಜಿಂಕೆ, ಕಡವೆಗಳ ಕೊಂಬನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕಾಡಿನಲ್ಲಿ ತಾನಾಗಿಯೇ ಉದುರಿ ಬಿದ್ದದ್ದಕ್ಕೂ ವಿನಾಯಿತಿ ಇಲ್ಲ. ಮಲೆನಾಡಿನ, ಕೊಡಗಿನ ಹಳೆಯ ಮನೆಗಳ ಗೋಡೆಯಲ್ಲಿರುವ ಕೊಂಬಿಗೆ ಮಾಲೀಕತ್ವದ ಪ್ರಮಾಣಪತ್ರವಿದ್ದರೂ ಅದನ್ನು ಕೊಯ್ದು ಮಾರಾಟದ ವಸ್ತು ಮಾಡುವಂತಿಲ್ಲ. ಆದ್ದರಿಂದ ಕರ್ನಾಟಕದಲ್ಲಿ ಬ್ಯಾಂಡ್‌ಸಾಗೆ ಕೊಡಬಹುದಾದದ್ದು ಮುಖ್ಯವಾಗಿ ಎಮ್ಮೆಯ ಕೊಂಬು ಮತ್ತು ಸಾಕುಪ್ರಾಣಿಗಳ ಮೂಳೆ. ಕವಲುಕೊಂಬಿನ ಬಗ್ಗೆ ಮುಂದೆ ಬರೆದಿರುವುದು, ಸ್ಕಾಟ್ಲೆಂಡಿನ ಕೆಂಪು ಜಿಂಕೆಯ ಕೊಂಬನ್ನೋ ನ್ಯೂಜಿಲೆಂಡಿನ ಸಾಕಣೆ ಜಿಂಕೆಯ ಕೊಂಬನ್ನೋ ಅಲ್ಲಿಯ ಕಾನೂನಿನಂತೆ ಕೊಳ್ಳಬಲ್ಲ ಹೊರನಾಡ ಓದುಗರಿಗಾಗಿ.

ಈಗ ಹಲ್ಲಿನ ಲೆಕ್ಕ. ಕೊಯ್ಯುವ ದಪ್ಪದೊಳಗೆ ಯಾವಾಗಲೂ ಕನಿಷ್ಠ 3 ಹಲ್ಲುಗಳಾದರೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಒಂದೊಂದೇ ಹಲ್ಲು ಅಂಚಿಗೆ ಸಿಕ್ಕಿ ಚಕ್ಕೆ ಏಳಿಸುತ್ತದೆ, ಕೆಲವೊಮ್ಮೆ ಹಲ್ಲೇ ಮುರಿಯುತ್ತದೆ. 6 ಮಿ.ಮೀ. ದಪ್ಪದ ಕೊಂಬಿನ ಹಲಗೆಗೆ ಈ ಲೆಕ್ಕದಲ್ಲಿ ಇಂಚಿಗೆ 14 ಹಲ್ಲು ಬೇಕಾಗುತ್ತದೆ, 10 ಮಿ.ಮೀ.ಗೆ 8 ಅಥವಾ 10 ಸಾಕು. 40 ಮಿ.ಮೀ. ದಪ್ಪದ ಗಟ್ಟಿ ಕೊಂಬಿನ ತುದಿಗೆ 6 ಹಲ್ಲಿನ ಬ್ಲೇಡು ಒಳ್ಳೆಯದು. ಅಷ್ಟು ದಪ್ಪಕ್ಕೆ 14 ಹಲ್ಲಿನದನ್ನು ಹಾಕಿದರೆ ಸಂದಿಗಳು ಪುಡಿಯಿಂದ ತುಂಬಿ ಕೊಂಬು ಬಿಸಿಯಾಗುತ್ತದೆ.

ಮೂಳೆಯಲ್ಲಿ ಹಲವರು ಎಡವುವುದು ಹೊರಸುತ್ತನ್ನು ನೋಡಿ ಬ್ಲೇಡು ಆರಿಸುವುದರಿಂದ. 40 ಮಿ.ಮೀ. ವ್ಯಾಸದ, 6 ಮಿ.ಮೀ. ಗೋಡೆಯ ಕಾಲುಮೂಳೆಯನ್ನು ಅಡ್ಡಕ್ಕೆ ಕೊಯ್ಯುವುದನ್ನು ಗಮನಿಸಿ. ಬ್ಲೇಡು ಮೊದಲು ಪಕ್ಕದ ಗೋಡೆಯನ್ನು ಉದ್ದುದ್ದ ಕಚ್ಚುತ್ತದೆ, ಅಲ್ಲಿ ದಪ್ಪ ಹೆಚ್ಚುತ್ತ ಹೋಗಿ 28 ಮಿ.ಮೀ. ತನಕ ಮುಟ್ಟುತ್ತದೆ. ಮಜ್ಜೆಯ ಟೊಳ್ಳು ತೆರೆದೊಡನೆ ಆ ದಪ್ಪ ಮೇಲೊಂದು ಕೆಳಗೊಂದು ಎಂದು ಎರಡು ಗೋಡೆಗಳಾಗಿ ಒಡೆದು, ನಡುವಿಗೆ ಬರುವಷ್ಟರಲ್ಲಿ ಒಂದೊಂದೂ 6 ಮಿ.ಮೀ.ಗೆ ಇಳಿದಿರುತ್ತದೆ. ಒರಟು ಹಲ್ಲು ಮೂಳೆಯನ್ನು ಕೈಯಿಂದ ಸೆಳೆಯುವುದು ಈ ಇಳಿತದಲ್ಲಿಯೇ. ಆದ್ದರಿಂದ ಗೋಡೆಯ ತೆಳು ಭಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಂಚಿಗೆ 10ರಿಂದ 14 ಹಲ್ಲು ಬರುವಂತೆ ಹಲ್ಲುಗಳ ಅಂತರ ಬದಲಾಗುತ್ತ ಹೋಗುವ 10/14ರ ಬ್ಲೇಡು ಇಂತಹ ಕೆಲಸಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದರಲ್ಲಿ ಕಂಪನವೂ ಕಡಿಮೆ. ಕವಲುಕೊಂಬಿನ ಒಳಗೆ ತಿರುಳು ತುಂಬಿರುವುದರಿಂದ ದಪ್ಪ ಹೀಗೆ ಥಟ್ಟನೆ ಇಳಿಯುವುದಿಲ್ಲ. ಅದಕ್ಕೆ 10 ಹಲ್ಲು ಸಾಕು.

ಹಲ್ಲಿನ ಆಕಾರದ ಆಯ್ಕೆ ಇಷ್ಟು ಕಷ್ಟವಲ್ಲ. ಮೂಳೆ ಮತ್ತು ಕವಲುಕೊಂಬಿಗೆ ನೇರ ನಿಂತ ರೆಗ್ಯುಲರ್ ಹಲ್ಲು ತಕ್ಕುದು. ದಪ್ಪ ಕೊಂಬಿಗೆ ಸಂದಿ ಅಗಲವಾಗಿರುವ ಸ್ಕಿಪ್ ಹಲ್ಲು ಮೇಲು, ಅದರಲ್ಲಿ ಪುಡಿ ನಿಲ್ಲುವುದಿಲ್ಲ. ಮುಂದಕ್ಕೆ ಬಾಗಿದ ಹುಕ್ ಹಲ್ಲು ವಸ್ತುವನ್ನು ತಾನೇ ಒಳಗೆ ಎಳೆದುಕೊಳ್ಳುವುದರಿಂದ ಈ ಕೆಲಸಕ್ಕೆ ಅದನ್ನು ಬಳಸದಿರುವುದೇ ಒಳಿತು.

ಕೊಂಬನ್ನು ಮಾತ್ರ ಕೊಯ್ಯುವವರಿಗೆ ಅಗ್ಗದ ಕಾರ್ಬನ್ ಸ್ಟೀಲ್ ಬ್ಲೇಡು ಸಾಕು. ಮೂಳೆ ಕೊಯ್ಯುವವರು ಬೈಮೆಟಲ್ ಬ್ಲೇಡಿಗೆ ಹಣ ಹಾಕಬೇಕು. ಅದರ ಬೆನ್ನು ಬಾಗಬಲ್ಲ ಉಕ್ಕಿನದು, ಹಲ್ಲಿನ ಮೊನೆ ಹೈಸ್ಪೀಡ್ ಸ್ಟೀಲಿನದು. ಬೆಲೆ ಹೆಚ್ಚಾದರೂ ಒಣ ಮೂಳೆಯ ಸವೆತವನ್ನು ಅದು ಎಷ್ಟೋ ಹೆಚ್ಚು ಕಾಲ ತಾಳುತ್ತದೆ. ಮೂಳೆ ಎಂದೊಡನೆ ಅಂಗಡಿಯವರು ಮಾಂಸ ಕತ್ತರಿಸುವ ಬ್ಲೇಡನ್ನು ಕೊಡಬಹುದು. ಸಾಮಾನ್ಯವಾಗಿ 16 ಮಿ.ಮೀ. ಅಗಲದ, ಇಂಚಿಗೆ 3 ಅಥವಾ 4 ಹಲ್ಲಿನ ಆ ಬ್ಲೇಡು ಹಸಿ ಮೂಳೆಯನ್ನು ಮಾಂಸದೊಡನೆ ಬೇಗ ತುಂಡರಿಸಲು ಮಾಡಿದ್ದು. ಒಣಗಿದ ತೆಳು ಮೂಳೆಯಲ್ಲಿ ಅದು ಅಂಚನ್ನೆಲ್ಲ ಹಾಳುಮಾಡುತ್ತದೆ.

ನೇರವಾಗಿ ಹಲಗೆ ಸೀಳಲು 12 ಮಿ.ಮೀ. ಅಗಲದ ಬ್ಲೇಡು ಸರಿ. 6 ಮಿ.ಮೀ. ಅಗಲದ್ದು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವನ್ನು ತೆಗೆದುಕೊಳ್ಳುತ್ತದೆಯಾದ್ದರಿಂದ ಬಾಚಣಿಗೆಯ ಹೊರರೇಖೆಗೆ ಒದಗುತ್ತದೆ. ಬ್ಲೇಡಿನ ದಪ್ಪವನ್ನು ಚಕ್ರ ನಿರ್ಧರಿಸುತ್ತದೆ: 350 ಮಿ.ಮೀ. ಚಕ್ರದ ಯಂತ್ರದಲ್ಲಿ 0.64 ಮಿ.ಮೀ. ದಪ್ಪದ ಬೈಮೆಟಲ್ ನಡೆಯುತ್ತದೆ, ಮೇಜಿನ ಮೇಲಿಡುವ 225 ಮಿ.ಮೀ. ಚಕ್ರದ ಯಂತ್ರದಲ್ಲಿ ಅದೇ ಬ್ಲೇಡು ಬಾಗಿ ಬಾಗಿ ಬೇಗ ಬಿರುಕು ಬಿಡುತ್ತದೆ. ಅಂತಹ ಸಣ್ಣ ಯಂತ್ರಕ್ಕೆ 0.35ರಿಂದ 0.45 ಮಿ.ಮೀ. ದಪ್ಪದ್ದನ್ನೇ ಕೇಳಿ. ಎರಡು ವೇಗದ ಯಂತ್ರವಿದ್ದರೆ ಕಡಿಮೆ ವೇಗವನ್ನೇ ಇಡಿ. ಒಂದೇ ಬ್ಲೇಡು ಕೊಳ್ಳುವಷ್ಟು ಮಾತ್ರ ಅನುಕೂಲವಿದ್ದು, ಯಂತ್ರವೂ ದೊಡ್ಡದಾಗಿದ್ದರೆ, 12 ಮಿ.ಮೀ. ಅಗಲದ, 10/14 ಹಲ್ಲಿನ ಬೈಮೆಟಲ್ ನನ್ನ ಆಯ್ಕೆ. ದಪ್ಪ ಕೊಂಬಿನ ತುದಿಯನ್ನು ಅದರಲ್ಲಿ ನಿಧಾನವಾಗಿ, ನಡುನಡುವೆ ನಿಲ್ಲಿಸಿ ಕೊಯ್ಯಬೇಕಾಗುತ್ತದೆ, ಅಷ್ಟೇ.

ಎಷ್ಟೇ ಸರಿಯಾದ ಬ್ಲೇಡು ಹಾಕಿದರೂ ದುಂಡಗಿನ ವಸ್ತುವನ್ನು ಬರಿಗೈಯಲ್ಲಿ ಹಿಡಿದು ಕೊಯ್ಯಬಾರದು. ಹಲ್ಲು ಕಚ್ಚಿದೊಡನೆ ಅದು ಉರುಳಿ ಬೆರಳನ್ನು ಬ್ಲೇಡಿನತ್ತ ಸೆಳೆಯುತ್ತದೆ. ಮರದ ತುಂಡಿನಲ್ಲಿ ವಿ ಆಕಾರದ ಹಳ್ಳ ತೆಗೆದು, ಅದರಲ್ಲಿ ಕೊಂಬನ್ನು ಕೂರಿಸಿ ಕ್ಲಾಂಪಿನಿಂದ ಬಿಗಿದು, ತುಂಡಿನ ಸಮೇತ ಮುಂದಕ್ಕೆ ತಳ್ಳಿ. ಮೂಳೆಯ ಜಿಡ್ಡನ್ನು ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಪುಡಿ ಮುದ್ದೆಯಾಗಿ ಬ್ಲೇಡಿಗೂ ಚಕ್ರದ ರಬ್ಬರಿಗೂ ಮೆತ್ತಿಕೊಳ್ಳುತ್ತದೆ. ಶುದ್ಧಮಾಡದ ಕಚ್ಚಾ ಮೂಳೆ, ಕೊಂಬುಗಳ ಪುಡಿಯಿಂದ ಆಂಥ್ರಾಕ್ಸ್ ತಗಲುವ ಅಪಾಯ ಈ ವೃತ್ತಿಯಲ್ಲಿ ಹಿಂದಿನಿಂದಲೂ ಇದೆ. ಮೂಲ ತಿಳಿಯದ ಸರಕನ್ನು ಕೊಳ್ಳಬೇಡಿ, ಎನ್95 ಮಾಸ್ಕ್ ಇಲ್ಲದೆ ಯಂತ್ರ ಚಾಲೂ ಮಾಡಬೇಡಿ, ಪುಡಿ ಹೀರುವ ಕೊಳವೆಯನ್ನು ಬ್ಲೇಡಿನ ಹತ್ತಿರವೇ ಇಡಿ.

ಸುರುಳಿಯಿಂದ ಕತ್ತರಿಸಿ ಬೆಸೆದುಕೊಡುವ ಅಂಗಡಿಯಿಂದ ತಂದ ಬ್ಲೇಡಾದರೆ, ಬೆಸುಗೆಯ ಜಾಗದ ಎರಡೂ ಬದಿಯನ್ನು ಉಗುರಿನಿಂದ ಸವರಿ ನೋಡಿ. ಅಲ್ಲಿ ಉಬ್ಬಿದ್ದರೆ ಬೆಸುಗೆ, ಬ್ಲೇಡನ್ನು ಅಲುಗದಂತೆ ಹಿಡಿದಿಡುವ ಗೈಡಿನ ಮೂಲಕ ಹಾಯುವಾಗಲೆಲ್ಲ ಟಕ್ ಟಕ್ ಸದ್ದು ಬರುತ್ತದೆ, ಕೊಯ್ತದ ಮೇಲೂ ಒಂದೇ ಅಂತರದ ಗೆರೆಗಳು ಮೂಡುತ್ತವೆ. ಅಂತಹ ಬ್ಲೇಡನ್ನು ಯಂತ್ರಕ್ಕೆ ಹಾಕುವ ಮೊದಲೇ ಅಂಗಡಿಗೆ ಒಯ್ದು ಸಮಮಾಡಿಸಿಕೊಳ್ಳಿ.