ಮಳೆಗಾಲಕ್ಕೂ ತಿರುಗುವ ಮರದ ಗಿರಗಿಟ್ಲೆ: ಮನೆಯಲ್ಲೇ ಮಾಡುವುದು ಹೇಗೆ?

ಕೊಡಗಿನಲ್ಲಿ ಹೂಗಿಡ ಇಲ್ಲದ ಅಂಗಳ ಸಿಗುವುದು ಕಷ್ಟ. ಡೇಲಿಯಾ, ಆಂಥೂರಿಯಂ, ಹೈಡ್ರೇಂಜಿಯಾ ಏನಾದರೊಂದು ಇದ್ದೇ ಇರುತ್ತದೆ. ಅವುಗಳ ನಡುವೆ ಗಾಳಿಗೆ ತಿರುಗುವ ಮರದ ಗಿರಗಿಟ್ಲೆಯೊಂದನ್ನು ನಿಲ್ಲಿಸಿ ನೋಡಿ, ಅಂಗಳಕ್ಕೇ ಜೀವ ಬರುತ್ತದೆ. ಪ್ಲಾಸ್ಟಿಕ್ಕಿನದು ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಬಿಸಿಲಿಗೆ ಅದರ ಬಣ್ಣ ಹೋಗಿ ರೆಕ್ಕೆ ಸೀಳಿದರೆ ಎಸೆಯುವುದೊಂದೇ ದಾರಿ. ಮರದ್ದಾದರೆ ಹಾಳಾದ ಭಾಗವನ್ನಷ್ಟೇ ಬಿಚ್ಚಿ ಬದಲಾಯಿಸಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಗಿರಗಿಟ್ಲೆ ಮಾಡುವವರು ಗಾಳಿಗಿಂತ ಮೊದಲು ಮಳೆಯ ಬಗ್ಗೆ ಯೋಚಿಸಬೇಕು. ಗಾಳಿಗೆ ಇಲ್ಲಿ ಬರವಿಲ್ಲ. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಅದರಲ್ಲಿ ಬಹುಪಾಲು ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ದಿನ ನೆನೆದ ಮರ ಉಬ್ಬುತ್ತದೆ. ಕೊರೆದ ತೂತಿನ ಒಳಮೈ ಉಬ್ಬಿ ರಾಡನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮೇಲಿಂದ ತುಕ್ಕು ಬೇರೆ. ಎಷ್ಟೋ ಮನೆಯ ಗಿರಗಿಟ್ಲೆಗಳು ಸರಿಯಾಗಿ ಗಾಳಿ ಬೀಸುವ ಹೊತ್ತಿಗೇ ನಿಂತುಬಿಡುವುದಕ್ಕೆ ಇದೇ ಕಾರಣ. ಕೆಳಗೆ ಹೇಳಿರುವ ಅಳತೆ, ಜೋಡಣೆ ಎಲ್ಲವೂ ಇದನ್ನು ತಪ್ಪಿಸುವುದಕ್ಕಾಗಿಯೇ.

ಯಾವ ಮರ, ಯಾವಾಗ?

ಹೊಸ ಮರ ಕಡಿಯುವ ಅಗತ್ಯವೇ ಇಲ್ಲ. ಸಾಮಿಲ್‌ನಲ್ಲಿ, ಬಡಗಿಗಳ ಕೊಟ್ಟಿಗೆಯಲ್ಲಿ ಉಳಿದ ತುಂಡುಗಳೇ ಸಾಕು. ತೇಗ ಸಿಕ್ಕಿದರೆ ಬೇರೆ ಮರ ಹುಡುಕಬೇಡಿ. ನೀರು, ಗೆದ್ದಲು ಎರಡನ್ನೂ ತಡೆಯುತ್ತದೆ. ಹಲಸೂ ಒಳ್ಳೆಯದು. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಗುರ, ಕೆತ್ತಲು ಸುಲಭ, ರೆಕ್ಕೆಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಬಣ್ಣ ಹಚ್ಚದೆ ಹೊರಗಿಟ್ಟರೆ ಬೇಗ ಕೊಳೆಯುತ್ತದೆ.

ಮರ ಯಾವುದೇ ಇರಲಿ, ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ರೆಕ್ಕೆ ಒಣಗುತ್ತಾ ಸೊಟ್ಟಗಾಗುತ್ತದೆ. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ತುಂಡುಗಳ ಎರಡೂ ತುದಿಗೆ ಸ್ವಲ್ಪ ಬಣ್ಣವನ್ನೋ ಮೇಣವನ್ನೋ ಬಳಿದು ಇಟ್ಟರೆ ಬಿರುಕು ಬಿಡುವುದಿಲ್ಲ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾದಾಗ ಶುರು ಮಾಡಿ, ಮೇ ತಿಂಗಳಲ್ಲಿ ಬಣ್ಣ ಮುಗಿಸುವುದು ಸರಿ. ಜೂನ್ ಬಂದಮೇಲೆ ಬಣ್ಣವೂ ಒಣಗುವುದಿಲ್ಲ, ಅಂಟೂ ಕೂರುವುದಿಲ್ಲ.

ಏನೇನು ಬೇಕು?

ಚಕ್ರಕ್ಕೆ 1 ಇಂಚು ಚೌಕದ, 14 ಇಂಚು ಉದ್ದದ ಎರಡು ಕೋಲು. ರೆಕ್ಕೆಗೆ ಕಾಲು ಇಂಚು ದಪ್ಪ, 8 ಇಂಚು ಉದ್ದದ ನಾಲ್ಕು ಹಲಗೆ. ಮುಂದೆ ಚಕ್ರವನ್ನೂ ಹಿಂದೆ ಬಾಲವನ್ನೂ ಹೊರುವ ಬೆನ್ನಿಗೆ ಒಂದೂವರೆ ಇಂಚು ಚೌಕದ, ಎರಡೂವರೆ ಅಡಿ ಉದ್ದದ ಕೋಲು. ಬಾಲಕ್ಕೆ 14 ಇಂಚು ಉದ್ದ, 10 ಇಂಚು ಅಗಲದ ತೆಳು ಹಲಗೆ.

ಹಾರ್ಡ್‌ವೇರ್ ಅಂಗಡಿಯಲ್ಲಿ 8 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಥ್ರೆಡ್ ರಾಡ್, ಅದಕ್ಕೆ ಹೊಂದುವ ನಟ್, ವಾಶರ್, ಒಳಗೆ ನೈಲಾನ್ ಉಂಗುರ ಇರುವ ಎರಡು ಲಾಕ್ ನಟ್ ತನ್ನಿ. ಜೊತೆಗೆ ಒಂದು ತುಂಡು ಹಿತ್ತಾಳೆ ಕೊಳವೆ. ರಾಡನ್ನು ಅಂಗಡಿಯಲ್ಲೇ ಕೊಳವೆಗೆ ತೂರಿಸಿ, ತಿರುಗಿಸಿ ನೋಡಿಯೇ ತನ್ನಿ. ಅಲುಗಾಡುವಷ್ಟು ಸಡಿಲವೂ ಬೇಡ, ಹಿಡಿಯುವಷ್ಟು ಬಿಗಿಯೂ ಬೇಡ. ಅಂಟು ವಾಟರ್‌ಪ್ರೂಫ್ ಆಗಿರಲಿ, ಇಲ್ಲವೇ ಎಪಾಕ್ಸಿ ಆಗಲಿ. ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ನೆನೆದರೆ ಮೆತ್ತಗಾಗುತ್ತದೆ.

ಬೇರಿಂಗ್ ಹಾಕಬಾರದಾ ಅಂತ ಕೇಳಬಹುದು. ಎಲ್ಲ ಕಡೆ ಸಿಗುವ 608 ನಂಬರಿನ ಬೇರಿಂಗ್‌ನ ಹೊರಸುತ್ತು 22 ಮಿ.ಮೀ. ಒಂದು ಇಂಚಿನ ಕೋಲಿನಲ್ಲಿ ಅಷ್ಟು ದೊಡ್ಡ ತೂತು ಕೊರೆದರೆ ಮರವೇ ಉಳಿಯುವುದಿಲ್ಲ. ಈ ಅಳತೆಯ ಗಿರಗಿಟ್ಲೆಗೆ ಹಿತ್ತಾಳೆ ಕೊಳವೆಯೇ ಸರಿ. ಅದು ತುಕ್ಕು ಹಿಡಿಯುವುದಿಲ್ಲ, ಮರ ಉಬ್ಬಿದರೂ ರಾಡಿಗೆ ತಾಗಲು ಬಿಡುವುದಿಲ್ಲ.

ಚಕ್ರದ ಕೆಲಸ

ಎರಡು ಕೋಲುಗಳನ್ನು ನಟ್ಟನಡುವೆ ಕೂಡಿಸಬೇಕು. ಒಂದರ ಮೇಲ್ಭಾಗದಲ್ಲಿ ಅರ್ಧ ದಪ್ಪ, ಇನ್ನೊಂದರ ಕೆಳಭಾಗದಲ್ಲಿ ಅರ್ಧ ದಪ್ಪ ಕಚ್ಚು ಕೊರೆಯಿರಿ. ಕಚ್ಚಿನ ಅಗಲ ಸರಿಯಾಗಿ ಒಂದು ಇಂಚು. ಗರಗಸ ಗೆರೆಯ ಒಳಗೇ ಓಡಲಿ, ಉಳಿದದ್ದನ್ನು ಉಳಿಯಿಂದ ಸವರಿ. ಕೈಯಿಂದ ಒತ್ತಿದರೆ ಕೂರಬೇಕು, ಸುತ್ತಿಗೆ ಬೇಕಾದರೆ ಬಿಗಿ ಜಾಸ್ತಿ ಎಂದರ್ಥ. ಈಗಲೇ ಅಂಟು ಹಾಕಬೇಡಿ.

ಮುಂದಿನದು ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಭಾಗ. ಕೋಲುಗಳನ್ನು ಕೂಡಿಸಿ, ಗಾಳಿಗೆ ಎದುರಾಗುವ ಮುಖದ ಮೇಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ಮುಖ ಮೇಲೆ ಬರುವಂತೆ ಮೇಜಿನ ಮೇಲಿಡಿ. ಒಂದು ತುದಿಯ ಎದುರಿಗೆ ಬಗ್ಗಿ ನೋಡಿದರೆ ಚೌಕ ಕಾಣುತ್ತದೆ. ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಒಂದು ಗೆರೆ ಎಳೆಯಿರಿ. ಮೇಜಿನ ಸುತ್ತ ನಡೆದು ನಾಲ್ಕೂ ತುದಿಯ ಎದುರು ನಿಂತು ಅದೇ ರೀತಿ ಎಳೆಯಿರಿ. ಒಂದೇ ಒಂದು ಗೆರೆ ಉಲ್ಟಾ ಆದರೂ ಆ ರೆಕ್ಕೆ ಉಳಿದ ಮೂರಕ್ಕೆ ಎದುರಾಗಿ ತಳ್ಳುತ್ತದೆ.

ಈಗ ಕೋಲುಗಳನ್ನು ಬಿಡಿಸಿ, ಗೆರೆಯ ಗುಂಟ 3 ಇಂಚು ಆಳಕ್ಕೆ ಕೊಯ್ದು ಬಲಗಡೆ ಮೇಲಿನ ತ್ರಿಕೋನದ ತುಂಡನ್ನು ತೆಗೆಯಿರಿ. ಉಳಿದದ್ದು 45 ಡಿಗ್ರಿ ಓರೆಯಾದ ಮಟ್ಟಸ ಮೈ. ರೆಕ್ಕೆ ಕೂರುವುದು ಅದರ ಮೇಲೆ. ಬೀಸಿ ಬಂದ ಗಾಳಿ ಈ ಓರೆಗೆ ಬಡಿದು ಪಕ್ಕಕ್ಕೆ ಸರಿಯುತ್ತದೆ, ರೆಕ್ಕೆಯನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಗಿರಗಿಟ್ಲೆ ತಿರುಗುವುದು ಹೀಗೆ.

ರೆಕ್ಕೆಗೆ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಳ್ಳಿ. ಬುಡದಲ್ಲಿ 2 ಇಂಚು, ತುದಿಯಲ್ಲಿ ಮೂರೂವರೆ ಇಂಚು ಅಗಲ ಇರಲಿ, ಮೂಲೆಗಳು ದುಂಡಗಿರಲಿ. ಮರದ ಎಳೆ ರೆಕ್ಕೆಯ ಉದ್ದಕ್ಕೇ ಹೋಗಬೇಕು. ಅಡ್ಡಕ್ಕೆ ಹೋದರೆ ಜೋರು ಗಾಳಿಗೆ ಮುರಿಯುತ್ತದೆ. ಕತ್ತರಿಸಿದ ಮೇಲೆ ನಾಲ್ಕನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕ ಹತ್ತಿರ ಇರುವ ಎರಡೆರಡನ್ನು ಎದುರುಬದುರು ಹಾಕಿ. ಪ್ರತಿ ರೆಕ್ಕೆಗೂ ಅಂಟು ಮತ್ತು ಎರಡು ಸ್ಟೇನ್‌ಲೆಸ್ ಸ್ಕ್ರೂ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯದೆ ತಿರುಗಿಸಿದರೆ ತೆಳು ಹಲಗೆ ಸೀಳಿಹೋಗುತ್ತದೆ. ರೆಕ್ಕೆ ಕೂತ ಮೇಲೆ ನಡುವಿನ ಕಚ್ಚಿಗೂ ಅಂಟು ಹಾಕಿ ಕೂಡಿಸಿ. ಪೂರ್ತಿ ಚಕ್ರದ ಅಡ್ಡಳತೆ 2 ಅಡಿ ಬರುತ್ತದೆ.

ಅಂಟು ಒಣಗಿದ ಮೇಲೆ ನಡುಮಧ್ಯದಲ್ಲಿ ತೂತು ಕೊರೆದು ಹಿತ್ತಾಳೆ ಕೊಳವೆಯನ್ನು ಎಪಾಕ್ಸಿ ಹಾಕಿ ಕೂರಿಸಿ. ಡ್ರಿಲ್ ನೇರವಾಗಿ ಇಳಿಯಲಿ, ಓರೆಯಾದರೆ ಚಕ್ರ ತೊನೆದಾಡುತ್ತದೆ. ಕೊಳವೆ ಮರದ ದಪ್ಪಕ್ಕಿಂತ ಎರಡೂ ಕಡೆ ಒಂದೊಂದು ಮಿ.ಮೀ. ಹೊರಗೆ ಬರಬೇಕು. ಆಗ ವಾಶರ್ ಉಜ್ಜುವುದು ಹಿತ್ತಾಳೆಯನ್ನು, ಮರವನ್ನಲ್ಲ. ಸಣ್ಣ ವಿಷಯ ಅನ್ನಿಸಬಹುದು. ಮಳೆಗಾಲದಲ್ಲಿ ಚಕ್ರ ತಿರುಗುತ್ತದೋ ಇಲ್ಲವೋ ಎನ್ನುವುದು ಈ ಒಂದು ಮಿ.ಮೀ. ಮೇಲೆ ನಿಂತಿದೆ.

ತೂಕ ಸರಿ ಮಾಡುವುದು

ರಾಡಿನ ಒಂದು ತುದಿಯನ್ನು ವೈಸ್‌ನಲ್ಲಿ ಅಡ್ಡ ಹಿಡಿಸಿ ಚಕ್ರವನ್ನು ತೂರಿಸಿ. ಗಾಳಿಯಿಲ್ಲದ ಕೋಣೆಯಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ. ನಿಲ್ಲುವ ಮೊದಲು ಚಕ್ರ ಸ್ವಲ್ಪ ಹಿಂದೆ ಬಂದು, ಮುಂದೆ ಹೋಗಿ, ಒಂದು ರೆಕ್ಕೆಯನ್ನು ಕೆಳಗೆ ಮಾಡಿ ನಿಲ್ಲುತ್ತದೆ. ಮತ್ತೆ ತಿರುಗಿಸಿ. ಅದೇ ರೆಕ್ಕೆ ಮತ್ತೆ ಕೆಳಗೆ ಬಂದರೆ ಅದೇ ಭಾರದ ರೆಕ್ಕೆ. ಅದರ ತುದಿಯ ಹಿಂಬದಿಯನ್ನು ಸ್ಯಾಂಡ್ ಪೇಪರಿನಿಂದ ಹತ್ತಾರು ಸಲ ಉಜ್ಜಿ, ಮತ್ತೆ ನೋಡಿ. ಬುಡದಲ್ಲಿ ಉಜ್ಜಿದರೆ ಹೆಚ್ಚು ಫಲವಿಲ್ಲ, ತುದಿಯಲ್ಲಿ ಚಿಟಿಕೆ ಪುಡಿ ಉದುರಿದರೂ ವ್ಯತ್ಯಾಸ ಕಾಣುತ್ತದೆ. ಒಂದು ಹಂತದಲ್ಲಿ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಲು ಶುರುವಾಗುತ್ತದೆ. ಅಲ್ಲಿಯವರೆಗೆ ಬಿಡಬೇಡಿ. ಈ ತಾಳ್ಮೆ ಇಟ್ಟ ಗಿರಗಿಟ್ಲೆ ಎಲೆ ಅಲುಗಾಡುವಷ್ಟು ಗಾಳಿಗೂ ತಿರುಗುತ್ತದೆ, ಜೋರು ಗಾಳಿಗೆ ಕಂಬವನ್ನು ಅಲ್ಲಾಡಿಸುವುದಿಲ್ಲ. ಬಣ್ಣಕ್ಕೂ ತೂಕ ಇದೆ, ಹಾಗಾಗಿ ಬಣ್ಣ ಒಣಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಬೆನ್ನು, ಬಾಲ

ಬೆನ್ನಿನ ಕೋಲಿನ ಮುಂದಿನ ತುದಿಯಿಂದ 2 ಇಂಚು ಹಿಂದೆ, ಕೆಳಮೈಯಲ್ಲಿ ಉಳಿಯಿಂದ ಒಂದು ಗುಂಡಿ ತೋಡಿ. ಒಂದೂಕಾಲು ಇಂಚು ಉದ್ದ, ಅಷ್ಟೇ ಆಳ ಸಾಕು. ಬಾಯಿ ಕೆಳಗಿದ್ದರೆ ನೀರು ನಿಲ್ಲುವುದಿಲ್ಲ. ಮುಂದಿನ ತುದಿಯಿಂದ ಆ ಗುಂಡಿಯವರೆಗೆ 8 ಮಿ.ಮೀ. ತೂತು ಕೊರೆದು ನಾಲ್ಕೂವರೆ ಇಂಚಿನ ರಾಡ್ ತೂರಿಸಿ. ಗುಂಡಿಯೊಳಗೆ ವಾಶರ್ ಮತ್ತು ನಟ್, ಕೋಲಿನ ಹೊರಗೆ ಇನ್ನೊಂದು ವಾಶರ್ ಮತ್ತು ನಟ್. ಒಳಗಿನದನ್ನು 13ರ ಸ್ಪ್ಯಾನರ್‌ನಲ್ಲಿ ಹಿಡಿದು ಹೊರಗಿನದನ್ನು ಬಿಗಿ ಮಾಡಿ. ಆಮೇಲೆ ವಾಶರ್, ಚಕ್ರ, ವಾಶರ್, ಕೊನೆಗೆ ಲಾಕ್ ನಟ್. ಲಾಕ್ ನಟ್ ಪೂರ್ತಿ ಬಿಗಿಯಬೇಡಿ, ಒಂದು ಮಿ.ಮೀ. ಸಡಿಲ ಇರಲಿ.

ಬಾಲದ ಕೆಲಸ ಚಕ್ರವನ್ನು ಸದಾ ಗಾಳಿಗೆ ಎದುರಾಗಿ ನಿಲ್ಲಿಸುವುದು. ಆಕಾರ ನಿಮ್ಮ ಇಷ್ಟ. ಆದರೆ ತುಂಬ ತೂತು, ನಾಜೂಕು ಕೆತ್ತನೆ ಬೇಡ. ಗಾಳಿ ಬಡಿಯಲು ಮೈ ಬೇಕಲ್ವಾ? ನನಗೆ ಮಂಗಟ್ಟೆ ಹಕ್ಕಿ ಬಹಳ ಇಷ್ಟ. ಅಗಲ ರೆಕ್ಕೆ, ಉದ್ದ ಬಾಲ, ದಪ್ಪ ಕೊಕ್ಕು ಎಲ್ಲವೂ ದೂರದಿಂದಲೇ ಗುರುತು ಸಿಗುತ್ತದೆ. ಕಪ್ಪು, ಬಿಳಿ, ಹಳದಿ ಮೂರೇ ಬಣ್ಣ ಸಾಕು. ಕೋಲಿನ ಹಿಂದಿನ ತುದಿಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಹಲಗೆಯನ್ನು ಅದರೊಳಗೆ ಕೂರಿಸಿ ಎರಡು ಸ್ಕ್ರೂ ಹಾಕಿ.

ಎಲ್ಲ ಜೋಡಿಸಿದ ಮೇಲೆ ಕೋಲನ್ನು ಬೆರಳ ಮೇಲಿಟ್ಟು ಎರಡೂ ಕಡೆ ಸಮತೂಗುವ ಜಾಗ ಹುಡುಕಿ. ಮುಂದಿನ ತುದಿಯಿಂದ ಒಂದು ಅಡಿಯ ಆಸುಪಾಸಿನಲ್ಲಿ ಸಿಗುತ್ತದೆ. ಅಲ್ಲಿ ಮೇಲಿಂದ ಕೆಳಕ್ಕೆ ತೂತು ಕೊರೆದು ಇನ್ನೊಂದು ಹಿತ್ತಾಳೆ ಕೊಳವೆ ಕೂರಿಸಿ, ಇದೂ ಎರಡೂ ಕಡೆ ಸ್ವಲ್ಪ ಹೊರಗಿರಲಿ.

ಬಣ್ಣ

ಬಿಚ್ಚಿಟ್ಟು ಬಣ್ಣ ಹಚ್ಚಿ. ಸಿಲ್ವರ್ ಓಕ್‌ಗೆ ಒಂದು ಕೈ ಪ್ರೈಮರ್, ಎರಡು ಕೈ ಎನಾಮಲ್ ಬೇಕೇ ಬೇಕು. ಮರ ನೀರು ಕುಡಿಯುವುದು ಹೆಚ್ಚಾಗಿ ಅಡ್ಡ ಕೊಯ್ದ ತುದಿಗಳಿಂದ. ಅಲ್ಲಿಗೆ ಇನ್ನೊಂದು ಕೈ ಜಾಸ್ತಿ ಕೊಡಿ, ಸ್ಕ್ರೂ ತಲೆಗಳ ಸುತ್ತಲೂ ಮರೆಯಬೇಡಿ. ತೇಗದ ಬಣ್ಣ ಮುಚ್ಚಲು ಮನಸ್ಸು ಬಾರದಿದ್ದರೆ ಅಗಸೆ ಎಣ್ಣೆ ಎರಡು ಮೂರು ಸಲ ಹಚ್ಚಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಎಲ್ಲಿ ನಿಲ್ಲಿಸುವುದು?

ಕಂಬಕ್ಕೆ ಹಳೆಯ ಜಿಐ ಪೈಪ್ ಒಳ್ಳೆಯದು, ಮರದ ಕಂಬ ನೆಲಮಟ್ಟದಲ್ಲೇ ಕೊಳೆಯುತ್ತದೆ. ಪೈಪಿನ ಬಾಯಿಗೆ ಮರದ ಬಿರಟೆ ಬಡಿದು, ಅದರಲ್ಲಿ ರಾಡನ್ನು ಎಪಾಕ್ಸಿಯಿಂದ ನಿಲ್ಲಿಸಿ. ರಾಡಿಗೆ ನಟ್, ವಾಶರ್ ಹಾಕಿ ಅದರ ಮೇಲೆ ಬೆನ್ನಿನ ಕೋಲು ಕೂರಿಸಿ, ಮೇಲೆ ವಾಶರ್, ಲಾಕ್ ನಟ್. ತುದಿಗೆ ಒಂದು ಬಾಟಲಿ ಮುಚ್ಚಳವನ್ನು ಬೋರಲು ಹಾಕಿದರೆ ಕೊಳವೆಗೆ ಮಳೆನೀರು ಇಳಿಯುವುದಿಲ್ಲ.

ಮನೆಯ ಗೋಡೆಗೆ, ಮರಗಳ ಸಾಲಿಗೆ ಅಂಟಿಕೊಂಡು ನಿಲ್ಲಿಸಿದರೆ ಗಾಳಿ ಸುಳಿಸುಳಿಯಾಗಿ ಬಂದು ಗಿರಗಿಟ್ಲೆ ಸುಮ್ನೆ ದಿಕ್ಕು ಬದಲಾಯಿಸುತ್ತಾ ಇರುತ್ತದೆ. ಮುಂಗಾರಿನ ಗಾಳಿ ನೈರುತ್ಯದಿಂದ ಬರುವುದರಿಂದ ಆ ಕಡೆ ಬಯಲಿರಲಿ. ಕಾಫಿ ಒಣಗಿಸುವ ಕಣದ ಅಂಚು ಚೆನ್ನಾದ ಜಾಗ. ಕರೆಂಟ್ ತಂತಿಯಿಂದ ದೂರ ಇರಲಿ. ರೆಕ್ಕೆಯ ಕೆಳತುದಿ ನೆಲದಿಂದ ಏಳಡಿಗಾದರೂ ಮೇಲಿರಲಿ. ಜೋರಾಗಿ ತಿರುಗುವಾಗ ಮಕ್ಕಳ ಕೈಗೆ ಸಿಗಬಾರದು.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಬಿರುಗಾಳಿಗೆ, ಅದರಲ್ಲೂ ಗಾಳಿಬೀಡಿನಂತಹ ಎತ್ತರದ ಊರುಗಳಲ್ಲಿ, ಲಾಕ್ ನಟ್ ಬಿಚ್ಚಿ ಗಿರಗಿಟ್ಲೆಯನ್ನು ಒಳಗೆ ತಂದಿಡುವುದು ಕ್ಷೇಮ. ಸ್ಪ್ಯಾನರ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಮಳೆ ಕಳೆದ ಮೇಲೆ ಬಣ್ಣ ಎದ್ದ ಕಡೆ ಉಜ್ಜಿ ಒಂದು ಕೈ ಹಚ್ಚಿ, ಎರಡೂ ಕೊಳವೆಗೆ ಸ್ವಲ್ಪ ಗ್ರೀಸ್ ಸವರಿ, ಸುಗ್ಗಿ ಹಬ್ಬವಾದ ಪುತ್ತರಿಗೆ ಮೊದಲು ಮತ್ತೆ ಕಂಬಕ್ಕೇರಿಸಬಹುದು.