ಲೇಖನಕ್ಕೆ ಚಿತ್ರ ಬರೆಯುವುದು ಹೇಗೆ? ಮೊದಲು ಓದಿ, ಪೆನ್ಸಿಲ್ ಆಮೇಲೆ

ಪತ್ರಿಕೆಯಿಂದ ಫೋನ್ ಬಂದ ಕೂಡಲೇ ಬರೆಯೋಕೆ ಕೂರಬೇಡಿ. ಲೇಖನ ಪೂರ್ತಿ ಕಳಿಸಿ ಅಂತ ಕೇಳಿ. ಬರೀ ತಲೆಬರಹ ನೋಡಿ ಬರೆದ ಚಿತ್ರ ಆ ತಲೆಬರಹವನ್ನೇ ಇನ್ನೊಮ್ಮೆ ಹೇಳುತ್ತದೆ, ಅಷ್ಟೇ. ಎಷ್ಟು ಕಾಲಂ ಅಗಲ, ಬಣ್ಣವೋ ಕಪ್ಪು-ಬಿಳುಪೋ, ಎಷ್ಟು ಗಂಟೆಗೆ ಬೇಕು ಅನ್ನುವುದನ್ನೂ ಆಗಲೇ ಕೇಳಿಟ್ಟುಕೊಳ್ಳಿ.

ಓದಿದ ಮೇಲೆ ಲೇಖನದ ಸಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾವುದರ ಬಗ್ಗೆ ಅಂತಲ್ಲ, ಏನು ಹೇಳುತ್ತಿದೆ ಅಂತ. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಲೇಖನ ಬಂದಿದೆ ಅಂದುಕೊಳ್ಳಿ. ಊರಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಓದಿ ಮೇಲೆ ಬಂದ ಕಥೆ ಇಲ್ಲಿನ ಎಷ್ಟೋ ಕನ್ನಡ ಮನೆಗಳದ್ದು, ಅಲ್ವಾ? ವಾಕ್ಯ ಹೀಗಿರಬಹುದು: ಮೇಜು ಒರೆಸಿದ ಕೈಯೇ ಅಕ್ಷರವನ್ನೂ ಕಲಿಯಿತು.

ಈಗ ಹಾಳೆಯ ನಡುವೆ ಗೆರೆ ಎಳೆಯಿರಿ. ಒಂದು ಕಡೆ ಹೋಟೆಲಿನ ಸಾಮಾನು: ಚಹಾ ಗ್ಲಾಸು, ಟ್ರೇ, ಬಿಲ್ಲು, ಮೇಜು, ಒರೆಸುವ ಬಟ್ಟೆ. ಇನ್ನೊಂದು ಕಡೆ ಶಾಲೆಯದು: ಸ್ಲೇಟು, ಬಳಪ, ಕರಿಹಲಗೆ, ಡಸ್ಟರ್, ಗಂಟೆ. ಎರಡನ್ನೂ ಸುಮ್ನೆ ನೋಡುತ್ತಾ ಕೂರಿ. ತಕ್ಷಣ ಹೊಳೆಯುವುದನ್ನು, ಅಂದರೆ ಉರಿಯುವ ಬಲ್ಬು, ಪುಸ್ತಕದ ಮೆಟ್ಟಿಲು, ಇಂಥವನ್ನೆಲ್ಲ ಬಿಟ್ಟುಬಿಡಿ. ಓದುಗರು ಅವನ್ನು ಸಾಕಷ್ಟು ನೋಡಿದ್ದಾರೆ.

ಒರೆಸುವ ಬಟ್ಟೆ ಮತ್ತು ಡಸ್ಟರ್. ಎರಡಕ್ಕೂ ಕೈ ಆಡುವ ರೀತಿ ಒಂದೇ! ಹಾಗಾದರೆ ಚಿತ್ರ ಇದು: ಹೋಟೆಲಿನ ಮೇಜು, ಒಂದು ಎಳೆಯ ಕೈ, ಅದರಡಿ ಬಟ್ಟೆ. ಬಟ್ಟೆ ಹಾದುಹೋದ ಕಡೆಯೆಲ್ಲ ಮೇಜು ಕರಿಹಲಗೆಯಾಗಿ ಅ, ಆ, ಇ ಮೂಡಿವೆ. ಒರೆಸಿದರೆ ಅಳಿಸಿಹೋಗಬೇಕಾದ ಅಕ್ಷರ ಇಲ್ಲಿ ಒರೆಸಿದ್ದರಿಂದಲೇ ಕಾಣುತ್ತಿದೆ. ಹುಡುಗನ ಮುಖ ಬೇಡ, ಹೋಟೆಲಿನ ಬೋರ್ಡೂ ಬೇಡ.

ಇಂಥ ಯೋಚನೆಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಗೀಚಿ, ಲೇಖನ ಓದದ ಯಾರಿಗಾದರೂ ತೋರಿಸಿ. ಪಕ್ಕದಲ್ಲಿ ಹೆಸರು ಬರೆದು ವಿವರಿಸಬೇಕಾಗಿ ಬಂದರೆ ಅದನ್ನು ಕೈಬಿಡಿ. ಸಂಪಾದಕರಿಗೆ ಎರಡು ಮೂರು ಕಳಿಸಿದರೆ ಸಾಕು. ನಿಮಗೇ ಒಪ್ಪಿಗೆಯಾಗದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ, ಅವರು ಅದನ್ನೇ ಆರಿಸಿಬಿಡಬಹುದು.

ಒಪ್ಪಿಗೆ ಸಿಕ್ಕಿತಾ? ಈಗ ಬರೆಯಿರಿ, ಜಾಸ್ತಿ ತುಂಬಬೇಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂಬೈಯಲ್ಲೇ ನೆಲೆನಿಂತ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಕುಣಿಯುವ ಮೈಯ ಓಟವೆಲ್ಲ ಕೆಲವೇ ಗೆರೆಗಳಲ್ಲಿದೆ. ನಮ್ಮ ಚಿತ್ರದಲ್ಲೂ ಆ ಕೈ ಸರಿಯಾಗಿ ಬಂದರೆ ಉಳಿದದ್ದು ತಾನಾಗಿ ನಿಲ್ಲುತ್ತದೆ. ಬಟ್ಟೆ ಹಿಡಿದ ನಿಮ್ಮದೇ ಕೈಯ ಫೋಟೋ ತೆಗೆದು ಬೆರಳು ಹೇಗೆ ಮಡಚುತ್ತವೆ ಅಂತ ಗಮನಿಸಿ.

ಫೈಲು ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇರಲಿ. ಬಣ್ಣದ್ದಾದರೆ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಲೆಕ್ಕದಲ್ಲಿ. ದಿನಪತ್ರಿಕೆಯ ಕಾಗದ ಶಾಯಿ ಹೀರುತ್ತದೆ, ಚುಕ್ಕೆಗಳು ಹರಡುತ್ತವೆ, ಪರದೆಯಲ್ಲಿ ಚೆನ್ನಾಗಿ ಕಂಡ ಕಡುಬಣ್ಣ ಅಲ್ಲಿ ಮಸಿಯಾಗುತ್ತದೆ. ಹಾಗಾಗಿ ಒಂದೊಂದು ಶಾಯಿಗೆ ಹೆಚ್ಚೆಂದರೆ 100% ಅಂತ ಲೆಕ್ಕ ಹಿಡಿದು, ಒಂದೇ ಜಾಗದಲ್ಲಿ ನಾಲ್ಕೂ ಶಾಯಿ ಸೇರಿ 240% ಒಳಗಿರುವಂತೆ ನೋಡಿಕೊಳ್ಳಿ. ತೆಳು ಗೆರೆಗಳಿಗೆ ಬರೀ ಕಪ್ಪು ಶಾಯಿ ಸಾಕು. ನಾಲ್ಕು ಬಣ್ಣ ಸೇರಿಸಿದರೆ ಅಚ್ಚಿನಲ್ಲಿ ಒಂದು ಕೂದಲೆಳೆ ಸರಿದರೂ ಗೆರೆ ಎರಡೆರಡಾಗಿ ಕಾಣುತ್ತದೆ.

ಇನ್ನು ದುಡ್ಡಿನ ಮಾತು. ಅದನ್ನು ಬರೆಯುವ ಮೊದಲೇ ಮುಗಿಸಿ. ಚಿತ್ರ ಒಂದು ಸಲದ ಅಚ್ಚಿಗೆ ಮಾತ್ರವೋ, ವೆಬ್‌ಸೈಟಿಗೂ ಬೇಕೋ, ತಿದ್ದಲು ಎಷ್ಟು ಸಲ ಕೇಳಬಹುದು, ಎಲ್ಲವನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ಮೂಲ ಫೈಲು ಮತ್ತು ಮೊದಲ ಗೀಚುಗಳು ನಿಮ್ಮ ಬಳಿಯೇ ಇರಲಿ.